ಒಟಿಪಿಗೂ ಒಂದು ಒಡಪು

“ಮೇಡಂ, ಬ್ಯಾಂಕಿನಿಂದ ಮಾತಾಡ್ತಿದ್ದೇವೆ. ಮೊದಲು ನಿಮ್ಮ ಗಂಡನ ಹೆಸರು ಹೇಳಿ,” ಎಂದು ಫೋನಿನ ಸ್ಪೀಕರ್ ಗದರಿತು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನನ್ನ ಅತ್ತೆ ನಾಚಿ ಕೆಂಪಾದರು. ನಮ್ಮ ಅಕ್ಕಿಆಲೂರಿನ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಹಾಗೆಲ್ಲ ಬಾಯಿಗೆ ತರುವುದಿಲ್ಲ. ಆರತಿಯ ಹೊತ್ತಿನಲ್ಲಿ ಪ್ರಾಸ ಕಟ್ಟಿದ ಒಡಪಿನೊಳಗೆ ಅಡಗಿಸಿ ಹೇಳುತ್ತಾರೆ.

“ಆರತಿ ಇದ್ರ ಒಡಪು ಹಾಕಿ ಹೇಳ್ತಿದ್ದೆನಪಾ. ಈಗ ಕೈಯಾಗ ಶೇಂಗಾ ಅದಾವು,” ಎಂದರು ಅತ್ತೆ.

ಬ್ಯಾಂಕಿನವನ ಸೋಗು ಹಾಕಿದ್ದ ಕಳ್ಳನಿಗೆ ತಲೆ ಕೆಟ್ಟಿತು. “ಹೆಸರು ಬೇಡ ಬಿಡಿ, ಮೊಬೈಲಿಗೆ ಬಂದಿರೋ ಒಟಿಪಿ ಹೇಳಿ!”

“ಗಂಡನ ಹೆಸರ ಹೇಳದಾಕಿ ನಂಬರ ಹೇಳ್ತೇನೇನು?”

ಫೋನ್ ಕಸಿದುಕೊಳ್ಳಲು ಓಡಿ ಬಂದಿದ್ದ ನಾನು ನಗು ತಡೆಯಲಾಗದೆ ಶೇಂಗಾ ಸಿಪ್ಪೆಯ ಮೇಲೆಯೇ ಕುಸಿದೆ. ಅವನೇ ಫೋನ್ ಇಟ್ಟ.

ಅಂದಿನಿಂದ ನಮ್ಮ ಮನೆಯಲ್ಲಿ ಅತ್ತೆಯ ಕಾನೂನು. ನಮ್ಮ ಹೆಸರು, ಊರು ಎಲ್ಲರಿಗೂ ಹೇಳುವ ಮಾತು. ಆಧಾರ್ ನಂಬರ್ ಮನೆಯೊಳಗಿನ ಮಾತು. ಒಟಿಪಿ ಮಾತ್ರ ಒಡಪಿನ ಮಾತು, ಗಂಡನ ಹೆಸರಿನಂತೆ ಸುಮ್ಮಸುಮ್ಮನೆ ಬಾಯಿಗೆ ಬರಬಾರದು. ಮೊನ್ನೆ ಮಾವ ತಮ್ಮ ಆಧಾರ್ ಡೌನ್‌ಲೋಡ್ ಮಾಡಲು ಕೂತರೆ ಒಟಿಪಿ ಬಂದದ್ದು ಅದಕ್ಕೆ ಜೋಡಿಸಿದ್ದ ಅತ್ತೆಯ ಫೋನಿಗೆ. “ಮೊದಲ ಒಡಪು ಹಾಕಿ ನನ್ನ ಹೆಸರ ಹೇಳ್ರಿ,” ಎಂದುಬಿಟ್ಟರು ಅತ್ತೆ! ಜೀವಮಾನವೆಲ್ಲ ಅವರನ್ನು ‘ಏ, ಕೇಳಿಲ್ಲಿ’ ಎಂದೇ ಕರೆದ ಮಾವ ತಡವರಿಸಿ, ಬೆವರಿ, ಅಂತೂ ಪ್ರಾಸ ಕೂಡಿಸಿ ಹೆಸರು ಹೇಳಿದರು. ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು.

“ಇನ್ನೊಂದು ತರಿಸ್ರಿ. ಒಡಪೂ ಹೊಸಾದು ಬೇಕು,” ಎಂದರು ಅತ್ತೆ.