ಕೂಗಿಗೆ ಓಗೊಟ್ಟ ದಿನ

ನಾನು ಚಿಕ್ಕವನಿದ್ದಾಗ ಎಂದು ಶುರುಮಾಡಿದರೆ ಸಾಕು, ನೀವಿಬ್ಬರೂ ಮುಖ ಮುಖ ನೋಡಿಕೊಂಡು ನಗುತ್ತೀರಿ. ನಗದೆ ಏನು ಮಾಡೀರಿ? ಹುಡುಕಿದರೂ ತಲೆಯಲ್ಲಿ ನಾಲ್ಕು ಬಿಳಿ ಕೂದಲು ಸಿಗದ ಅಜ್ಜ ನಾನು. ನಿಮ್ಮ ಅಜ್ಜಿ ನನ್ನ ಅಕ್ಕ, ನನಗಿಂತ ಹದಿನಾರು ವರ್ಷ ದೊಡ್ಡವಳು. ಹಾಗಾಗಿ ಮೀಸೆ ಕಪ್ಪಗಿರುವಾಗಲೇ ನನಗೆ ಅಜ್ಜನ ಪಟ್ಟ ಕಟ್ಟಿಬಿಟ್ಟಿರಿ. ಕಟ್ಟಿದ ಮೇಲೆ ಕಥೆಯನ್ನೂ ಕೇಳಬೇಕು.

ಆಗ ನನಗೆ ಎಂಟು ವರ್ಷ. ನಾವು ಬೊಂಬಾಯಿಯ ಒಂದು ಚಾಳಿನಲ್ಲಿದ್ದೆವು. ಆ ಮಳೆಗಾಲ ಅಮ್ಮನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಅಪ್ಪನಿಗೆ ಹೋಟೆಲಿನ ಕೆಲಸ, ಬೆಳಕು ಹರಿಯುವ ಮೊದಲೇ ಹೋಗಬೇಕು. ನನ್ನನ್ನು ನೋಡಿಕೊಳ್ಳುವವರಿಲ್ಲದೆ ಬಸ್ಸು ಹತ್ತಿಸಿ ಕರೆತಂದು, ಕುಂದಾಪುರದ ಹತ್ತಿರದ ತ್ರಾಸಿಯಲ್ಲಿ ಅಕ್ಕನ ಮನೆಯಲ್ಲಿ ಬಿಟ್ಟು ಹೊರಟರು. ನಿಮ್ಮ ಅಮ್ಮ ಆಗ ಅಕ್ಕನ ಸೊಂಟದ ಮೇಲೆ ಕೂತು ನನ್ನನ್ನು ಪಿಳಿಪಿಳಿ ನೋಡುತ್ತಿದ್ದ ಕೂಸು.

ಆ ಊರಿನಲ್ಲಿ ನನಗೆ ಎಲ್ಲವೂ ಹೆದರಿಕೆ. ಹೆದ್ದಾರಿಯ ಆಚೆ ಕಡಲು ಹಗಲೂ ರಾತ್ರಿಯೂ ಮೊರೆಯುತ್ತಿತ್ತು. ಮನೆಯ ಹಿಂದೆ ಹೊಳೆ, ಅಂಗಳದಲ್ಲಿ ಒಣಮೀನಿನ ವಾಸನೆ, ಗುರುತಿಲ್ಲದ ಮುಖಗಳು. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ಕಣ್ಣಿಗೆ ಮರೆಯಾದವರು ತಿರುಗಿ ಬರುವುದಿಲ್ಲ ಎಂದು ನಾನು ನಂಬಿಬಿಟ್ಟಿದ್ದೆ. ಅಕ್ಕ ಬಾವಿಕಟ್ಟೆಗೆ ಹೋದರೂ ಸೆರಗು ಹಿಡಿದು ಹಿಂದೆಯೇ ಹೋಗುತ್ತಿದ್ದೆ. ಬಾಯಿ ತೆರೆದರೆ ಅಳು ಬಂದೀತೆಂದು ಮಾತನ್ನೇ ಬಿಟ್ಟಿದ್ದೆ.

ಪಕ್ಕದ ಮನೆಯ ಹುಡುಗಿ ನನಗಿಂತ ಒಂದು ಕ್ಲಾಸು ಮುಂದೆ. ಅವಳದು ಅರಳು ಹುರಿದಂಥ ಮಾತು. ನಾನು ಒಂದಕ್ಕೂ ಉತ್ತರ ಕೊಡದಿದ್ದರೂ ನಿಲ್ಲಿಸುತ್ತಿರಲಿಲ್ಲ. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಬುಟ್ಟಿ ಹಿಡಿದು ಬಂದಳು.

“ಹ್ವಾಯ್ ಮಾಣಿ, ಚಿಪ್ಪ್ ಹೆಕ್ಕುಕೆ ಹೋಪ, ಬಾ.”

“ನೀರ್ ಏರುಕೆ ಮುಂಚೆ ಬನ್ನಿ ಮಕ್ಳೇ,” ಎಂದಳು ಅಕ್ಕ. ನಾನು ಸ್ವಲ್ಪ ಹೊತ್ತಾದರೂ ಸೆರಗು ಬಿಟ್ಟೇನೆಂದು ಅವಳಿಗೆ ಸಮಾಧಾನ; ತಾನೇ ನನ್ನ ಕೈಯನ್ನು ಹುಡುಗಿಯ ಕೈಗೆ ಕೊಟ್ಟಳು.

ಇಳಿತದ ಹೊತ್ತು. ಹೊಳೆ ಹಿಂದೆ ಸರಿದು ಮರಳಿನ ದಿಬ್ಬಗಳು ಕಾಣುತ್ತಿದ್ದವು. ತಣ್ಣನೆಯ ಕೆಸರು ಕಾಲ್ಬೆರಳುಗಳ ಸಂದಿಗೆ ನುಗ್ಗಿತು. ದೂರದಲ್ಲಿ ನೆಟ್ಟಿದ್ದ ಒಂದು ಕಂಬವನ್ನು ಹುಡುಗಿ ತೋರಿಸಿದಳು. “ಆ ಕಂಬದಾಚೆ ಹೋಪುಕಾಗ, ಅಲ್ಲಿ ಆಳ. ನಾ ಕೂ ಹಾಕ್ರೆ ನೀನೂ ಕೂ ಹಾಕ್ಕ್. ಹಾಕದಿರೆ ನಾ ಹುಡ್ಕುಕೆ ಬತ್ತೆ.” ಒಬ್ಬರು ಕೂ ಎಂದರೆ ಇನ್ನೊಬ್ಬರು ಓಗೊಡಬೇಕು, ಅದು ಆ ಊರಿನ ರೂಢಿ. ನಾನು ತಲೆಯಾಡಿಸಿದೆ.

ಕೆಸರಿನಲ್ಲಿ ಕೈಯಾಡಿಸಿದರೆ, ಸಾರಿಗೆ ಹಾಕುವ ಆ ಚಿಪ್ಪುಮೀನು ಬೆರಳಿಗೆ ತಾಗುತ್ತಿತ್ತು. ಇನ್ನೊಂದು, ಇನ್ನೊಂದು ಎಂದು ಬಗ್ಗಿಕೊಂಡೇ ಹೋದೆ. ತಲೆಯೆತ್ತಿದಾಗ ದಡವಿಲ್ಲ, ತೆಂಗಿನ ಮರಗಳಿಲ್ಲ, ಅವಳೂ ಇಲ್ಲ. ಎತ್ತ ನೋಡಿದರೂ ಯಾವಾಗಲೋ ಕವಿದುಕೊಂಡ ಮಂಜು. ಆ ಕಂಬ ಮಾತ್ರ ನನ್ನ ಪಕ್ಕದಲ್ಲೇ ಇತ್ತು. ಪಾದದಷ್ಟಿದ್ದ ನೀರು ಮೊಣಕಾಲು ದಾಟಿತ್ತು. ಚಾಳಿನ ನಲ್ಲಿಯ ನೀರು ಹೋಗಿ ಬರುವುದು ನನಗೆ ಗೊತ್ತಿತ್ತು, ಹೊಳೆಯ ನೀರೂ ಹಾಗೆ ಹೋಗಿ ಬರುತ್ತದೆಂದು ಗೊತ್ತಿರಲಿಲ್ಲ. ಕಂಬವನ್ನು ತಬ್ಬಿಕೊಂಡು ನಿಂತೆ.

“ಕೂ…” ಎಂದು ಕೇಳಿತು. ಬಾಯಿ ತೆರೆದೆ, ಸ್ವರ ಬರಲಿಲ್ಲ. ಮತ್ತೆ “ಕೂ…” ಈಗ ಹತ್ತಿರದಿಂದ. ಹೇಳಿದಂತೆಯೇ ಅವಳು ಹುಡುಕಲು ಬಂದಿದ್ದಳು. ನೀರು ಸೀಳಿಕೊಂಡು ನಡೆಯುವ ಸದ್ದು ಸಮೀಪಿಸಿತು, ಮಂಜಿನಲ್ಲಿ ನನ್ನನ್ನು ಕಾಣದೆ ಹಾದು ಮುಂದೆ ಹೋಯಿತು. ಕಂಬದಾಚೆಗೆ, ಆಳದ ಕಡೆಗೆ.

ಇವಳೂ ಹೋದಳು ಅನ್ನಿಸಿತು. ಎದೆ ಬಿರಿಯುವಂತೆ ಕೂಗಿದೆ. ಬಾಯಿಂದ ಬಂದದ್ದು ಕೂ ಅಲ್ಲ, “ಅಮ್ಮಾ” ಎಂಬ ಕೂಗು. ಅಮ್ಮ ಹೋದಂದಿನಿಂದ ಆ ಹೆಸರು ಹಿಡಿದು ನಾನು ಕರೆದೇ ಇರಲಿಲ್ಲ.

ನೀರಿನ ಸದ್ದು ನಿಂತಿತು. “ಅಲ್ಲೇ ನಿಲ್ಲ್, ನಾ ಬತ್ತೆ. ಕೂಗ್ತಾ ಇರ್,” ಎಂದಳು. ಬಿಡದೆ ಕೂಗಿದೆ. ಕೊನೆಗೆ ಒಂದು ಒದ್ದೆ ಕೈ ಬಂದು ನನ್ನ ಅಂಗಿ ಹಿಡಿಯಿತು. ಎದೆಯವರೆಗೆ ನೆನೆದಿದ್ದಳು, ಹಲ್ಲು ಕಟಕಟ ಎನ್ನುತ್ತಿತ್ತು.

“ಬಾಯಿ ಇತ್ತ್ ಅಲ್ದಾ ನಿಂಗೆ? ನಾ ಮೂಕ ಅಂದ್ಕಂಡಿದ್ದೆ.”

ಅಷ್ಟರಲ್ಲಿ ದಡದಿಂದ ಅಕ್ಕನ ಕೂ ಕೇಳಿಸಿತು. ಇಬ್ಬರೂ ಓಗೊಟ್ಟೆವು. ಅಕ್ಕನ ಸ್ವರ ಬಂದತ್ತ ಕೈ ಕೈ ಹಿಡಿದು ನಡೆದು, ಸೊಂಟಮಟ್ಟದ ನೀರಿನಲ್ಲಿ ದಡ ಸೇರಿದೆವು. ಅಕ್ಕ ಮೊದಲು ಬೆನ್ನಿಗೆ ಎರಡು ಬಿಗಿದಳು, ಆಮೇಲೆ ಇಬ್ಬರನ್ನೂ ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ, ಸಾಕಾಗುವಷ್ಟು ಅತ್ತೆ. ಅಳು ಮುಗಿದ ಮೇಲೆ ಮಾತು ಬಂತು. ಆ ಹುಡುಗಿಯ ಜೊತೆ ಅಂದು ಶುರುವಾದ ಮಾತು ಇನ್ನೂ ಮುಗಿದಿಲ್ಲ. ಈಗಲೂ ಕುಂದಾಪುರದ ಪೇಟೆಯಲ್ಲಿ ಸಿಕ್ಕರೆ ಇಬ್ಬರಿಗೂ ಬಸ್ಸು ತಪ್ಪುತ್ತದೆ.

ನಿಮಗೀಗ ಹೊಳೆಗೆ ಇಳಿಯುವ ಕೆಲಸವಿಲ್ಲ, ಚಿಪ್ಪು ಸ್ಕೂಟರಿನಲ್ಲಿ ಮನೆ ಬಾಗಿಲಿಗೆ ಬರುತ್ತದೆ. ನೀವೆಲ್ಲಿದ್ದೀರೆಂದು ಫೋನಿನಲ್ಲಿ ಒಂದು ಚುಕ್ಕಿ ತೋರಿಸುತ್ತದೆ. ಒಳ್ಳೆಯದೇ. ಅಂದು ಅದಿದ್ದರೆ ಅವಳು ಎದೆಮಟ್ಟ ನೀರಿಗೆ ಬರಬೇಕಿರಲಿಲ್ಲ. ಆದರೆ ನಿಮ್ಮ ಕ್ಲಾಸಿಗೆ ಹೊಸದಾಗಿ ಬಂದ ಹುಡುಗ ಬಾಯಿಯೇ ಬಿಡುವುದಿಲ್ಲ ಎಂದು ಮೊನ್ನೆ ನಗುತ್ತಾ ಹೇಳಿದಿರಲ್ಲ, ಅವನು ಎಲ್ಲಿ ಸಿಕ್ಕಿಕೊಂಡಿದ್ದಾನೆಂದು ಆ ಚುಕ್ಕಿಗೆ ಗೊತ್ತಾಗುವುದಿಲ್ಲ. ನಾಳೆ ಅವನ ಪಕ್ಕ ಹೋಗಿ ಕುಳಿತುಕೊಳ್ಳಿ. ಉತ್ತರ ಬರದಿದ್ದರೂ ಕರೆಯುತ್ತಲೇ ಇರಿ.