ಭಾವನ ಆಯಸ್ಸಿಗೆ ಅಕ್ಕನ ಮಾತ್ರೆ

ಬರಗೂರಿನಲ್ಲಿರುವ ನನ್ನ ಅಕ್ಕನಿಗೆ ಷುಗರ್ ಇದೆ, ಭಾವನಿಗೆ ಇಲ್ಲ. ಭಾವನಿಗೆ ಇರುವುದು ಮೊಬೈಲ್. ಷುಗರ್ ಮಾತ್ರೆ ನುಂಗಿದರೆ ಕಾಯಿಲೆ ಇಲ್ಲದವರೂ ಹೆಚ್ಚು ವರ್ಷ ಬದುಕುತ್ತಾರೆ ಎಂದು ಕೋಟು ಹಾಕಿಕೊಂಡ ಯಾರೋ ಒಬ್ಬ ಅದರಲ್ಲಿ ಹೇಳಿದನಂತೆ. ಭಾವ ಆ ವಿಡಿಯೊವನ್ನು ನನಗೂ ಕಳಿಸಿದ್ದರು. ಇವರಿಗೆ ಬೇರೆ ಕೆಲಸವಿಲ್ಲ ಎಂದು ಅಳಿಸಿಹಾಕಿದೆ.

ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಶಿರಾದ ಮೆಡಿಕಲ್ ಸ್ಟೋರಿನವನು ಭಾವನನ್ನು ವಾಪಸ್ ಕಳಿಸಿದ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಅಕ್ಕನಿಗೆ ಕೊಡುತ್ತಿದ್ದ ಮಾತ್ರೆ ಮನೆಯಲ್ಲೇ ಇತ್ತಲ್ಲ. ಅವರು ದಿನಾ ಬೆಳಗ್ಗೆ ಅದರಲ್ಲೇ ಒಂದು ನುಂಗತೊಡಗಿದರು.

ಮುಂದಿನ ಸಲ ನಾನು ಹೋದಾಗ ಅಕ್ಕ ಸೊರಗಿ ಕಡ್ಡಿಯಾಗಿದ್ದಳು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಮಾತ್ರೆ ಬಿಟ್ಟಿದ್ದೀಯಾ ಎಂದು ಕೇಳಿದೆ.

“ಒಂದಿನ ಬುಟ್ಟು ಒಂದಿನ ತಗಂತೀನಿ ಕಣೆ. ನಿಮ್ ಭಾವುಂಗೂ ಸಾಲ್ಬೇಕಲ್ಲ.”

“ಅವರಿಗೇನು ಬಂದಿದೆ ರೋಗ?”

“ಭೀಮನ ಅಮಾಸೆ ದಿನ ಉಪ್ವಾಸ ಇದ್ದು ಅವ್ರ ಪಾದಕ್ಕೆ ಪೂಜೆ ಮಾಡಲ್ವಾ, ಆಯಸ್ಸು ಗಟ್ಟಿಯಾಗ್ಲಿ ಅಂತ? ಇದೂ ಅಂಗೇ ಅನ್ಕೊ.”

ನನಗೆ ಮೈಯೆಲ್ಲಾ ಉರಿಯಿತು. ಬೈಯಿಸಿಕೊಳ್ಳಬೇಕಾದವರು ಮನೆಯಲ್ಲಿರಲಿಲ್ಲ, ಅಕ್ಕನಿಗೇ ಬೈದೆ. ಬೈಯುತ್ತಲೇ ಅವಳನ್ನು ಶಿರಾ ಬಸ್ಸಿಗೆ ಹತ್ತಿಸಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಕುಸಿದುಬಿದ್ದಳು. ಸತ್ತೇ ಹೋಗುತ್ತಾಳೆ ಎಂದುಕೊಂಡು ಡಾಕ್ಟರನ್ನು ಕೂಗುತ್ತಾ ಒಳಗೆ ಓಡಿದೆ.

ಸುದ್ದಿ ತಿಳಿದು ಭಾವ ಓಡಿಬಂದರು. ನಾನು ಡಾಕ್ಟರಿಗೆ ಎಲ್ಲವನ್ನೂ ಅವರೆದುರೇ ಹೇಳಿದೆ.

“ಈ ಮಾತ್ರೆಯಿಂದ ನಿಮ್ಮ ಆಯಸ್ಸು ಹೆಚ್ಚುತ್ತೋ ಇಲ್ವೋ ಇನ್ನೂ ಖಚಿತವಾಗಿ ಗೊತ್ತಿಲ್ಲ,” ಎಂದರು ಡಾಕ್ಟರು ಭಾವನ ಕಡೆ ತಿರುಗಿ. “ನಿಮ್ಮ ಮನೆಯವರು ಬಿಟ್ಟರೆ ಏನಾಗುತ್ತೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು.”

ಭಾವ ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟರು.

“ಜಾಸ್ತಿ ಕೊಡ್ತಾರೆ, ಉಳಿದಿರೋವು ಅಂದಿದ್ಲು ಸಾರ್. ನಂಗ್ ಗೊತ್ತಿರ್ಲಿಲ್ಲ.”

ನನಗೆ ಅವರ ಮೇಲೆ ಕರುಣೆಯೇನೂ ಬರಲಿಲ್ಲ.

ಸಂಜೆ ಅಕ್ಕ ಕಣ್ಣು ಬಿಟ್ಟಳು. ಡ್ರಿಪ್ ಹಾಕಿದ್ದ ಕೈಯಲ್ಲೇ ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದಳು. ಮಂಚದ ಕಾಲ ಬಳಿ ನಿಂತಿದ್ದ ಭಾವನನ್ನು ಅವಳಿನ್ನೂ ನೋಡಿರಲಿಲ್ಲ.

“ನಿಮ್ ಭಾವ ಇವತ್ತಿನ ಮಾತ್ರೆ ನುಂಗಿದ್ರೇನೆ?”

ಭಾವ ಬಾಯಿಗೆ ಟವೆಲ್ ಒತ್ತಿಕೊಂಡು ವಾರ್ಡಿನಿಂದ ಹೊರಗೆ ಹೋದರು.