ಕೆಂಪು ಗೆರೆ ತೆಗೆದ ಭಾನುವಾರ

ನನ್ನ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತೆರಡು ವರ್ಷ ಟವರ್ ಕ್ರೇನ್ ನಡೆಸಿದವರು. ಕಟ್ಟಡದ ಸೈಟಿನಲ್ಲಿ ಅವರಿಗೆ ‘ಮೇಲಿರೋನು’ ಅಂತ ಹೆಸರು. ಯಾರಾದರೂ ಮೈಗಳ್ಳತನ ಮಾಡಿದರೆ ಪಕ್ಕದವನು ಆಕಾಶದ ಕಡೆ ಕೈ ತೋರಿಸಿ, “ಮೇಲಿರೋನು ನೋಡ್ತಿದ್ದಾನೆ ಕಣೋ” ಅನ್ನುತ್ತಿದ್ದ. ನಾನು ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವರಿಗೆ ಸಿಗ್ನಲ್ ಕೊಡುವವನು. ಎಡಕ್ಕೆ, ಬಲಕ್ಕೆ, ನಿಧಾನ, ನಿಲ್ಲಿಸಿ. ದಿನವಿಡೀ ಭಾವನಿಗೆ ಅಪ್ಪಣೆ ಕೊಡುವ ಬಾಮೈದ ಲೋಕದಲ್ಲಿ ನೀನೊಬ್ಬನೇ ಇರಬೇಕು ಅಂತ ಅಕ್ಕ ನಗುತ್ತಿದ್ದಳು.

ನಾನು ಹೇಳಹೊರಟದ್ದು ಒಂದು ಆಟದ ಕತೆ. ಬರೀ ಆಟದ್ದಾಗಿದ್ದರೆ ಹೇಳುತ್ತಿರಲಿಲ್ಲ. ಹೋದ ವರ್ಷ ಭಾವ ಇಳಿಸುತ್ತಿದ್ದ ಕಂಬಿಯ ಕಟ್ಟೊಂದು ಕೆಳಗೆ ಕಂಬಿ ಕಟ್ಟುತ್ತಿದ್ದವನ ಹೆಗಲಿಗೆ ಬಡಿಯಿತು. ಜೀವ ಉಳಿಯಿತು, ಆದರೆ ಎಡಗೈ ಹೆಗಲಿಂದ ಮೇಲೆ ಏಳುವುದಿಲ್ಲ. ಅವನೇ ಎಲ್ಲಿಂದಲೋ ಓಡಿಬಂದು ಹೊರೆಯ ಕೆಳಗೆ ನುಗ್ಗಿದ ಅಂದರು ಭಾವ. ನಾನೂ ಹಾಗೇ ಬರೆದು ಸಹಿ ಹಾಕಿದೆ. “ಅರ್ಧ ಗಂಟೆಯಿಂದ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ ಸ್ವಾಮಿ, ಅಲ್ಲಾಡೇ ಇಲ್ಲ” ಅಂತ ಕಂಬಿಯವನು ಬಾಯಿ ಬಾಯಿ ಬಡಿದುಕೊಂಡ. ತಂತಿಗೆ ಸಿಕ್ಕಿಕೊಳ್ಳುತ್ತದೆ ಅಂತ ಅವನು ಆವತ್ತು ಕಿತ್ತಳೆ ಬಣ್ಣದ ಜಾಕೆಟ್ ಬಿಚ್ಚಿಟ್ಟಿದ್ದ. ಅಷ್ಟು ಸಾಕಾಯಿತು. ತಪ್ಪು ಅವನದೇ ಅಂತ ತೀರ್ಮಾನವಾಗಿ ಅವನ ಕೆಲಸ ಹೋಯಿತು.

ಇನ್ನು ಆಟ. ಭಾವನಿಗೆ ಅದರ ಹುಚ್ಚು ಹಿಡಿಸಿದವಳು ಅವರ ಮಗಳೇ, ಕಾಲೇಜು ಓದುವವಳು. ಭಾನುವಾರ ಊಟವಾದ ಮೇಲೆ ಭಾವ ಟಿವಿ ಮುಂದೆ, ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅವಳು ತನ್ನ ಕೋಣೆಯಲ್ಲಿ, ಹೀಗೆ ಮೂರು ಕಡೆ ಕೂತು ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುವುದು. ಐವತ್ತು ದಾಟಿದ ಮನುಷ್ಯ ಸತ್ತಾಗಲೆಲ್ಲ ಮುಖ ಊದಿಸಿಕೊಂಡು ಕೂರುವುದನ್ನು ನೋಡಬೇಕು! ಆ ಆಟದಲ್ಲಿ ಒಂದು ಅನುಕೂಲವಿದೆ. ಎದುರಾಳಿಯ ಮೈ ಸುತ್ತ ದಪ್ಪ ಕೆಂಪು ಗೆರೆ ಮೂಡುತ್ತದೆ. ಬೇಕಾದರೆ ಇಟ್ಟುಕೊಳ್ಳಬಹುದು, ಬೇಡದಿದ್ದರೆ ತೆಗೆಯಬಹುದು, ಆದರೆ ಆಟ ಶುರು ಮಾಡಿದವರು ಹೇಗಿಟ್ಟರೆ ಎಲ್ಲರಿಗೂ ಹಾಗೇ. ನಮ್ಮ ಮನೆಯ ಜಗಳವೆಲ್ಲ ಈ ಗೆರೆಯ ಮೇಲೆ.

“ಗೆರೆ ಇದ್ರೆ ಅದೇನು ಭಾವ ಆಟ? ಮಕ್ಕಳು ಬಣ್ಣ ತುಂಬೋ ಪುಸ್ತಕ!” ಅನ್ನುತ್ತಿದ್ದೆ ನಾನು. “ಅಡಗಿ ಕೂರೋದೂ ಒಂದು ವಿದ್ಯೆ. ನಾನು ಗೋಡೆಗೆ ಅಂಟ್ಕೊಂಡು, ಉಸಿರು ಬಿಗಿ ಹಿಡ್ಕೊಂಡು ನಿಂತಿದ್ರೆ, ನನ್ನ ಸುತ್ತ ಗೆರೆ ಎಳೆದು ‘ಇಲ್ಲಿದ್ದಾನೆ ನೋಡಿ’ ಅಂತ ತೋರಿಸ್ಬಿಡೋದಾ?”

“ಆಟದಲ್ಲಿ ನೀನ್ಯಾಕೋ ಉಸಿರು ಹಿಡೀತೀಯ?” ಅಂದಳು ಅಕ್ಕ. ಅವಳು ಆಡುವವಳಲ್ಲ. ಸೋಫಾದ ಮೇಲೆ ಕೂತು ಬಟಾಣಿ ಬಿಡಿಸುತ್ತ ನೋಡುವವಳು.

“ಸೈಟಲ್ಲಿ ಎಲ್ರಿಗೂ ಜಾಕೆಟ್ ಯಾಕೋ ಹಾಕಿಸ್ತಾರೆ?” ಅಂತ ಭಾವ ಮೇಲೆ ಬೀಳುತ್ತಿದ್ದರು. “ಮದುವೆಗೆ ಹೋಗ್ತಾರೆ ಅಂತಲಾ? ಕಣ್ಣಿಗೆ ಬೀಳಲಿ ಅಂತ.”

“ಶತ್ರು ಜಾಕೆಟ್ ಹಾಕ್ಕೊಂಡು ಬರ್ತಾನಾ ಭಾವ, ‘ಬನ್ನಿ, ಹೊಡೀರಿ’ ಅಂತ?”

ಅಷ್ಟರಲ್ಲಿ ಮಗಳು ಕೋಣೆಯಿಂದಲೇ ಕೂಗುತ್ತಿದ್ದಳು. “ಮಾವ, ನಿನ್ನದು ಹೊಸ ಲ್ಯಾಪ್‌ಟಾಪ್. ಕತ್ತಲೆ ಮೂಲೆಯೂ ಬೆಳ್ಳಗೆ ಕಾಣುತ್ತೆ. ಅಪ್ಪನ ಟಿವಿ ಮಬ್ಬು. ಒಳ್ಳೆ ಪರದೆ ಇರೋನೇ ಗೆಲ್ಲೋದಾದ್ರೆ ಅದ್ಯಾವ ನ್ಯಾಯ? ನಮ್ಮ ಕ್ಲಾಸಲ್ಲಿ ಒಬ್ಬನಿಗೆ ಕೆಂಪು, ಹಸಿರು ಎರಡೂ ಒಂದೇ ಥರ. ಅವನು ಗೆರೆನ ಹಳದಿ ಮಾಡ್ಕೊಂಡು ಆಡ್ತಾನೆ. ಗೆರೆ ತೆಗೆದ್ರೆ ಅವನು ಸುಮ್ನೆ ಎದ್ದು ಹೋಗ್ಬೇಕಷ್ಟೆ.”

“ಅವನಿಗೆ ಬೇಕು, ಇಟ್ಕೊಳ್ಳಲಿ. ನಿಮ್ಮಪ್ಪನಿಗೇನಾಗಿದೆ ರೋಗ? ಹದ್ದಿನ ಕಣ್ಣು!” ಅಂದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಭಾವನ ಹತ್ತಿರ ಕೊನೆಗೊಂದು ವಾದ ಇರುತ್ತಿತ್ತು. ಗೆರೆ ತೆಗೆದರೆ ಆ ಆಟವೇ ಕೆಡುತ್ತದಂತೆ. “ಜನ ಗಾಳಿಯಿಂದ ಉದುರ್ತಾರೆ ಕಣೋ. ಈಗ ಇರಲ್ಲ, ಈಗ ಇರ್ತಾರೆ. ಅದನ್ನ ಮಾಡಿದೋನಿಗೆ ತಲೆ ಸರಿ ಇಲ್ಲ.” ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಸೋತವರ ನೆಪ ಅಂದುಕೊಂಡಿದ್ದೆವು.

ಆ ಭಾನುವಾರ ಆಟ ಶುರು ಮಾಡುವ ಸರದಿ ನನ್ನದು. ಕೇಳಲಿಲ್ಲ, ಹೇಳಲಿಲ್ಲ, ಗೆರೆ ತೆಗೆದುಬಿಟ್ಟೆ. ಎರಡು ಸಲ ಭಾವ ಹುಳದ ಹಾಗೆ ಸತ್ತರು. ಬೈದರು. ಮೂರನೇ ಸಲ ನನಗೆ ಚೇಷ್ಟೆ ಹೆಚ್ಚಾಯಿತು. ಅಡಗುವುದೇ ಬೇಡ ಅಂತ ಬಿಸಿಲು ಬಿದ್ದ ಬಿಳಿ ಗೋಡೆಯೊಂದರ ಮುಂದೆ, ಬಟ್ಟಬಯಲಲ್ಲಿ ಹೋಗಿ ನಿಂತೆ. ಭಾವನ ಸಿಪಾಯಿ ಬಾಗಿಲಿಂದ ಹೊರಗೆ ಬಂದ. ನಾನು ಕುಣಿದೆ, ಕೂತೆ, ಎದ್ದೆ. ಅವನು ನನ್ನ ಮುಂದೆಯೇ ನೆಟ್ಟಗೆ ನಡೆದುಹೋದ.

“ರೀ, ಎದುರಿಗೇ ನಿಂತಿದ್ದಾನಲ್ರೀ!” ಅಂದಳು ಅಕ್ಕ.

“ಯಾರು?” ಅಂದರು ಭಾವ.

ನಾನು ನಕ್ಕೆ, ಗುಂಡು ಹಾರಿಸಿದೆ. “ಥೂ! ಎಲ್ಲಿಂದಲೋ ಓಡಿಬಂದು ನುಗ್ತಾನೆ!” ಅಂತ ಭಾವ ಕೈಯಲ್ಲಿದ್ದ ಆಟದ ರಿಮೋಟನ್ನು ಸೋಫಾದ ಮೇಲೆ ಎಸೆದರು.

ಸತ್ತ ಮೇಲೆ ಆ ಆಟ, ಸತ್ತವರು ಕಂಡದ್ದನ್ನೇ ಇನ್ನೊಮ್ಮೆ ತೋರಿಸುತ್ತದೆ. ಭಾವನ ಮಾನ ತೆಗೆಯೋಣ ಅಂತ ನಾನೇ ಅದನ್ನು ಹಾಕಿಸಿದೆ. ಮಗಳೂ ಓಡಿ ಬಂದಳು. ಟಿವಿಯ ಎಡಭಾಗದಲ್ಲಿ, ಸ್ವಲ್ಪ ಕೆಳಗೆ, ಬಿಳಿ ಗೋಡೆ ಮುಂದೆ ನಾನು ಕುಣಿಯುತ್ತಿದ್ದೇನೆ. ಅಷ್ಟು ಹೊತ್ತು!

“ಎಲ್ಲಿ?” ಅಂದರು ಭಾವ.

“ಅಪ್ಪ, ತಮಾಷೆ ಸಾಕು.”

“ಎಲ್ಲಿ ಅಂದೆ. ಬರೀ ಗೋಡೆ ಇದೆಯಲ್ಲ.”

ಮಗಳು ಹೋಗಿ ಪರದೆಯ ಮೇಲೆ ಬೆರಳಿಟ್ಟಳು. ಭಾವ ಕತ್ತು ತಿರುಗಿಸಿ ಬೆರಳನ್ನೇ ನೇರವಾಗಿ ನೋಡಿದರು. “ಆಂ, ಈಗ ಬಂದ ನೋಡು” ಅಂದರು. ಪರದೆಯ ಮೇಲಿನ ಚಿತ್ರವನ್ನು ಅವಳು ಆಗಲೇ ನಿಲ್ಲಿಸಿದ್ದಳು. ಅದರಲ್ಲಿ ಯಾರೂ ಬರುವಂತಿರಲಿಲ್ಲ.

ಅಕ್ಕನ ಮಡಿಲಿನ ಬಟಾಣಿ ಎಲ್ಲ ನೆಲಕ್ಕೆ ಚೆಲ್ಲಿತು. ಅವಳು ಗಂಡನ ಎದುರು ಹೋಗಿ ಮಂಡಿಯೂರಿ, “ನನ್ನ ಮೂಗನ್ನೇ ನೋಡಿ. ಕಣ್ಣು ಅಲ್ಲಾಡಿಸ್ಬೇಡಿ” ಅಂದಳು. ಅವರ ಎಡಗಡೆ, ಸೊಂಟದ ಮಟ್ಟದಲ್ಲಿ ಕೈ ಚಾಚಿ ಬೆರಳು ಆಡಿಸಿದಳು. “ಕೈ ಕಾಣುತ್ತಾ?”

“ಯಾವ ಕೈ?”

ಒಂದು ಗೇಣು ಹತ್ತಿರ ತಂದಳು. ಇನ್ನೊಂದು ಗೇಣು. ಕೈ ಹೆಚ್ಚುಕಡಿಮೆ ಅವಳ ಗಲ್ಲದ ಹತ್ತಿರ ಬಂದಾಗ ಭಾವ ಬೆಚ್ಚಿ ಹಿಂದೆ ಸರಿದರು. ಗಾಳಿಯಿಂದ ಉದುರಿತು ಆ ಕೈ, ಅವರ ಪಾಲಿಗೆ. ಮಾರನೆಯ ದಿನ ಬೆಳಗ್ಗೆ ಏಳಕ್ಕೆ ಈ ಮನುಷ್ಯ ಎರಡು ಟನ್ ಕಂಬಿಯನ್ನು ನೂರು ಜನರ ತಲೆಯ ಮೇಲೆ ತೂಗಿಸಬೇಕಿತ್ತು. ನಿನ್ನೆಯೂ ತೂಗಿಸಿದ್ದರು, ಮೊನ್ನೆಯೂ.

ಕೊನೆಗೆ ಭಾವನೇ, “ಆ ಕಂಬಿಯವನು ಕೂತಿದ್ದದ್ದು ಎಡಗಡೆ, ಅಲ್ವೇನೋ?” ಅಂದರು.

ಹೌದು. ಎಡಗಡೆ, ಕೆಳಗೆ. ಅವನು ಓಡಿ ಬಂದಿರಲಿಲ್ಲ.

ಮರುದಿನ ಭಾವ ಕ್ರೇನ್ ಹತ್ತಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿನ ನರ ವರ್ಷಗಳಿಂದ ಸೊರಗುತ್ತಾ ಬಂದಿದೆ, ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕಾಪಾಡಬೇಕು ಅಂದರು ಆಕೆ. “ಪ್ರತಿ ವರ್ಷ ಪರೀಕ್ಷೆ ಮಾಡ್ತಾರಲ್ಲಮ್ಮ, ಕೊನೇ ಸಾಲಿನವರೆಗೂ ಓದ್ತಾರೆ!” ಅಂತ ನಾನು ರೇಗಿದೆ. ನೇರ ನೋಟ ಚೆನ್ನಾಗಿಯೇ ಇದೆ, ಅಕ್ಷರ ಓದಿಸಿದರೆ ಇದು ಸಿಕ್ಕುವುದೇ ಇಲ್ಲ ಅಂದರು. ಕಾಣದ ಜಾಗ ಕಪ್ಪಗೆ ಇರುವುದಿಲ್ಲವಂತೆ. ಅಕ್ಕಪಕ್ಕದಲ್ಲಿ ಗೋಡೆ ಇದ್ದರೆ ಅಲ್ಲೂ ಗೋಡೆ ಇದ್ದಂತೆ, ನೆಲ ಇದ್ದರೆ ನೆಲ ಇದ್ದಂತೆ ಮೆದುಳೇ ತುಂಬಿಸಿಕೊಳ್ಳುತ್ತದಂತೆ. ದಪ್ಪ ಗೆರೆ, ಹೊಳೆಯುವ ಬಣ್ಣ ಇದ್ದರೆ ಮಾತ್ರ ಮಸುಕಾಗಿ ಗೊತ್ತಾಗಿರಬಹುದು ಅಂದರು. ಇಲ್ಲದ ನೆಲವನ್ನು ಕಂಡು, ಖಾಲಿ ಇದೆ ಅಂತ ನಂಬಿ, ಈ ಪುಣ್ಯಾತ್ಮ ಹೊರೆ ಇಳಿಸುತ್ತಿದ್ದರು.

ಭಾವ ಅಲ್ಲಿಂದ ಸೀದಾ ಸೈಟಿನ ಆಫೀಸಿಗೆ ಹೋದರು. ರಜೆ ತಗೊಳ್ಳಿ, ಯೋಚನೆ ಮಾಡಿ, ಹಳೇದನ್ನೆಲ್ಲ ಯಾಕೆ ಕೆದಕ್ತೀರಿ ಅಂತ ಮ್ಯಾನೇಜರು ಸಮಾಧಾನ ಹೇಳಿದರು. ಭಾವ ತಮ್ಮ ಆಪರೇಟರ್ ಕಾರ್ಡನ್ನು ಮೇಜಿನ ಮೇಲಿಟ್ಟು, “ಆವತ್ತು ತಪ್ಪು ಅವನದಲ್ಲ. ಮೇಲಿರೋನಿಗೆ ಕಣ್ಣು ಕಾಣಲ್ಲ ಅಂತ ಬರ್ಕೊಳ್ಳಿ ಸಾರ್, ನಾನು ಸಹಿ ಹಾಕ್ತೀನಿ” ಅಂದರು. ಹಾಕಿಯೂ ಬಂದರು. ಇಪ್ಪತ್ತೆರಡು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಮೆಟ್ಟಿಲಿಳಿಯುವಾಗ ಅವರ ಎಡಗಾಲು ಎಡವಿತು, ನಾನು ತೋಳು ಹಿಡಿದೆ. ಇಷ್ಟು ದಿನ ಇದನ್ನೆಲ್ಲ ವಯಸ್ಸು ಅಂದುಕೊಂಡಿದ್ದೆನಲ್ಲ ಅಂತ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಈಗ ನನ್ನದೊಂದು ಮಾತು, ಅಕ್ಕನಿಗೂ ಹೇಳದ್ದು. ಆವತ್ತು ಹೊರೆ ಇಳಿಯುವಾಗ ನಾನು ನೋಡುತ್ತಿರಲಿಲ್ಲ. ಹಿಂದಿನ ಭಾನುವಾರ ನಾನು ಗೆದ್ದ ಆಟದ ವಿಡಿಯೋ ಫೋನಿನಲ್ಲಿ ನೋಡುತ್ತ, ಅಭ್ಯಾಸದ ಮೇಲೆ ವಾಕಿಟಾಕಿಯಲ್ಲಿ “ಬರಲಿ, ಬರಲಿ” ಅನ್ನುತ್ತಿದ್ದೆ. ಕಿರುಚಾಟ ಕೇಳಿದ ಮೇಲೆ ತಲೆ ಎತ್ತಿದ್ದು. ಓಡಿಬಂದ ಅಂತ ಭಾವ ಅಂದರು. ಭಾವ ಕಂಡಿದ್ದಾರೆ ಅಂದ ಮೇಲೆ ನಿಜವೇ ಇರಬೇಕು ಅಂತ, ‘ಕಣ್ಣಾರೆ ಕಂಡೆ’ ಅಂತ ಬರೆದುಕೊಟ್ಟಿದ್ದೆ.

ಆ ವಾರವೇ ಇಬ್ಬರೂ ಕಂಬಿಯವನ ಮನೆ ಹುಡುಕಿಕೊಂಡು ಹೋದೆವು. ಈಗ ಅವನು ಒಂದು ಗೋದಾಮಿನ ಗೇಟು ಕಾಯುತ್ತಾನೆ. ಬಾಗಿಲಲ್ಲೇ ನಿಂತು ಭಾವ ಎಲ್ಲ ಹೇಳಿದರು. ಮುಚ್ಚುಮರೆ ಮಾಡಲಿಲ್ಲ. ಕೈ ಮುಗಿದರು. ಹೇಳುತ್ತಾ ಅತ್ತುಬಿಟ್ಟರು. ಕಂಬಿಯವನು ಬಲಗೈಯಿಂದ ಭಾವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದ. ಹೆಂಡತಿಯನ್ನು ಕರೆದು ನೀರು ಕೊಡು ಅಂದ.

ನಾನು ಇನ್ನೂ ಹೊಸ್ತಿಲಾಚೆಯೇ ನಿಂತಿದ್ದೆ. ಅವನು ನನ್ನ ಕಡೆ ತಿರುಗಿದ. ದನಿ ಏರಿಸಲಿಲ್ಲ.

“ಅವರಿಗೆ ಕಣ್ಣು ಕಾಣ್ತಿರಲಿಲ್ಲ” ಅಂದ. “ನಿನಗೇನಾಗಿತ್ತು?”